ಉಳುಕು ಅಂದ ಮಾಸ್ತರು

ಯಾರೇ ಎದುರಿಗೆ ಬಂದರೂ ನಮ್ಮ ಮಾಸ್ತರರು ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಶಾಲೆಯ ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿರುವಾಗ, ರಸ್ತೆಯ ತುದಿಯಲ್ಲಿ ಬಸ್ಸಿಳಿದವರನ್ನು ಮುಖ ತಿಳಿಯದಷ್ಟು ದೂರದಿಂದಲೇ ಇಂಥವರೆಂದು ಹೇಳಿಬಿಡುತ್ತಿದ್ದರು. "ಬಲಗಾಲ ಊರಿದಾಗ ಎಡಗಡೆ ಸೊಂಟ ಕೆಳಗ ಬೀಳತೈತಿ ನೋಡ್ರಿ. ಪೋಸ್ಟಿನ ಅಣ್ಣ ಬಂದ." ಸ್ವಲ್ಪ ಹೊತ್ತಿಗೆ ಪೋಸ್ಟಿನ ಅಣ್ಣನೇ ಬಂದು ನಿಲ್ಲುತ್ತಿದ್ದ. "ಹಿಂದ ಒಬ್ಬಾಕಿ ಬರಾಕ್ಹತ್ಯಾಳಲ್ಲ, ಆಕಿ ಮೊಣಕಾಲು ಮಡಚಲಾರ್ದ ಕಾಲು ಮಗ್ಗಲಿಂದ ಬೀಸಿ ಒಗೀತಾಳ. ಹೆಡ್ ಮಾಸ್ತರ ಅತ್ತಿ. ಹೋಗಿ ಹೇಳ್ರಿ ಅವರಿಗೆ, ಚಹಾಕ್ಕ ಇಡಾಕ." ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ, ನೋಡುತ್ತಲೇ ಇರುತ್ತಿದ್ದರು.

ಅವರು ನಮ್ಮ ಸರ್ಕಾರಿ ಹೈಸ್ಕೂಲಿನ ದೈಹಿಕ ಶಿಕ್ಷಣದ ಶಿಕ್ಷಕರು. ಊರಿನವರ ಬಾಯಲ್ಲಿ ಡ್ರಿಲ್ ಮಾಸ್ತರು. ನಮ್ಮೂರು ಹನುಮಸಾಗರ ದಾಟಿ ಇನ್ನೂ ಮುಂದೆ ಇದೆ. ನಾನು ಎಂಟನೆಯ ತರಗತಿಗೆ ಸೇರಿದ ವರ್ಷವೇ ಅವರೂ ಬಂದರು. ನಡುವೆ ಬೇರೆ ಊರುಗಳಿಗೆ ವರ್ಗವಾಗಿ ಹೋಗಿ, ಈಗ ನಾಲ್ಕಾರು ವರ್ಷದಿಂದ ಮತ್ತೆ ಅದೇ ಶಾಲೆಯಲ್ಲಿದ್ದಾರೆ. ಈ ವರ್ಷ ನಿವೃತ್ತರಾಗುತ್ತಾರೆ.

ಹಳೆಯ ವಿದ್ಯಾರ್ಥಿಗಳು ಸೇರಿ ಅವರ ಬಗ್ಗೆ ಒಂದು ಪುಸ್ತಕ ತರುತ್ತಿದ್ದಾರೆ. ನನಗೂ ಫೋನ್ ಬಂತು. "ಮೇಡಂ, ನಿಮ್ಮನ್ನ ಬಿಟ್ರ ಮತ್ಯಾರು ಬರೀಬೇಕ್ರಿ? ಸರ ಕೈಯಾಗ ತಯಾರಾದಾಕಿ ನೀವು. ಎರಡ ಪುಟ ಸಾಕ್ರಿ." ಸಂತೋಷದಿಂದ ಒಪ್ಪಿಕೊಂಡೆ. ಆದರೆ ಆ ಎರಡು ಪುಟ ಬರೆಯಲು ಕೂರುವ ಮುಂಚೆ ಒಂದು ಮಂಗಳವಾರ ಬಂದು ಹೋಯಿತು. ಈಗ ಬರೆಯುತ್ತಿರುವುದು ಆ ಪುಸ್ತಕಕ್ಕಲ್ಲ. ಅವರ ಹೆಸರನ್ನೂ ಹಾಕುವುದಿಲ್ಲ. ನಾನು ಕಂಡದ್ದು, ಕೇಳಿದ್ದು ಇಷ್ಟು ಎಂದು ಹೇಳಬಹುದಾದಷ್ಟನ್ನು ಬರೆಯುತ್ತೇನೆ. ಊಹೆ ಇರುವಲ್ಲಿ ಊಹೆ ಎಂದೇ ಹೇಳುತ್ತೇನೆ.

ಅವರ ಒಳ್ಳೆಯದನ್ನು ಬಿಟ್ಟು ಬರೆದರೆ ಅದು ಸುಳ್ಳಾಗುತ್ತದೆ. ಆದ್ದರಿಂದ ಅದನ್ನೇ ಮೊದಲು ಬರೆಯುತ್ತೇನೆ.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವರು ನಮ್ಮನ್ನು ಒಂದು ನಿಮಿಷ ವಿಚಿತ್ರವಾಗಿ ನಿಲ್ಲಿಸುತ್ತಿದ್ದರು. ನೆಟ್ಟಗೆ ನಿಲ್ಲಬೇಕು, ಕೈ ಮಗ್ಗಲಿಗೆ ಇಳಿಬಿಡಬೇಕು, ಅಂಗೈ ಮಾತ್ರ ಮುಂದೆ ಮಾಡಬೇಕು. ಹೆಡ್ ಮಾಸ್ತರರು ಮೊದಲ ದಿನ ಅದನ್ನು ನೋಡಿ, "ಏನ್ರಿ ಸರ, ಇಡೀ ಸಾಲಿ ಭಿಕ್ಷಾ ಬೇಡಾಕ ನಿಂತಂಗ ಕಾಣ್ತೈತಲ್ರಿ?" ಅಂದರು.

"ಇದು ಸೊನ್ನಿ ಸರ," ಅಂದರು ಇವರು. "ಇಲ್ಲಿಂದ ಎಷ್ಟು ಹೋತು ಅನ್ನೋದಕ್ಕ ಚಲನಿ ಅಂತಾರ. ಸೊನ್ನಿ ಎಲ್ಲೈತಿ ಗೊತ್ತಿಲ್ಲಾಂದ್ರ ಅಳತಿ ಹೆಂಗ ಹಿಡೀತೀರಿ?"

ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು ಅವರು ಮನುಷ್ಯನ ಮೈ ಚಲಿಸುವುದು ಮೂರೇ ರೀತಿ ಎಂದು ತೋರಿಸಿಕೊಟ್ಟರು. ಮುಂದೆ ಹಿಂದೆ ಒಂದು, ಮಗ್ಗಲಿಗೆ ಒಂದು, ತನ್ನ ಸುತ್ತ ತಾನು ತಿರುಗುವುದು ಒಂದು. "ನಮಸ್ಕಾರ ಮಾಡಿದ್ರೂ ಇವ ಮೂರು, ಜಗಳಾಡಿದ್ರೂ ಇವ ಮೂರು." ಹಿಂದಿನ ಸಾಲಿನಿಂದ ಯಾರೋ, "ಹೆದರಿ ಓಡಿದ್ರರಿ ಸರ?" ಅಂದಾಗ, "ಆವಾಗ ಮೂರೂ ಒಮ್ಮಿಗೇ," ಅಂದರು.

ಕೀಲುಗಳನ್ನು ಅವರು ಮನೆಯಲ್ಲಿದ್ದ ವಸ್ತುಗಳಿಂದಲೇ ಕಲಿಸಿದರು. ಸೊಂಟದ ಕೀಲು ಒರಳಿನಲ್ಲಿ ಕೂತ ರುಬ್ಬುಗುಂಡು, ಎಲ್ಲ ಕಡೆಗೂ ಹೊರಳುತ್ತದೆ. ಕುತ್ತಿಗೆಯ ಮೇಲಿನ ಕೀಲು ಬೀಸುವ ಕಲ್ಲು, ಗೂಟದ ಸುತ್ತ ತಿರುಗುತ್ತದೆ. ಮೊಣಕಾಲು ಬಾಗಿಲು. ಹಾಗೆ ಹೇಳುತ್ತ ತರಗತಿಯ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ಮಾಡಿದರು. "ಬಾಗಲಾ ಮಡಚತೈತಿ, ಚಾಚತೈತಿ. ಸುತ್ತು ತಿರುಗು ಅಂದ್ರ ತಿರುಗಂಗಿಲ್ಲ. ತಿರುಗೋ ಕೆಲಸ ಸೊಂಟದ್ದು, ಪಾದದ್ದು. ಪಾದ ನೆಲಕ್ಕ ಕಚ್ಚಿಕೊಂಡು ಮೈ ಅಷ್ಟ ತಿರುಗಿತು ಅಂದ್ರ ದಂಡ ತೆರೋದು ಮೊಣಕಾಲು." ಪ್ರತಿಯೊಬ್ಬರೂ ತಮ್ಮ ತಮ್ಮ ಮೊಣಕಾಲಿನ ಮೇಲೆ ಕೈಯಿಟ್ಟು ಮಡಚಿ ಚಾಚಿ ನೋಡಬೇಕಿತ್ತು. ಯಾರದಾದರೂ ಕೈ ಕಾಲು ನೋಡುವಾಗ ಅವರದೊಂದು ನಿಯಮವಿತ್ತು: ನೋವಿಲ್ಲದ ಕಡೆಯನ್ನು ಮೊದಲು ನೋಡಬೇಕು. "ನಿನ್ನ ಎಡಗಾಲಿಗೆ ನಿನ್ನ ಬಲಗಾಲ ಅಳತಿ. ಮಂದಿ ಕಾಲಲ್ಲ. ಅದಕ್ಕ ಛಲೋ ಕಾಲು ಮೊದ್ಲ."

ಒಂದು ಮಾತನ್ನು ಮಾತ್ರ ಅವರು ಸಹಿಸುತ್ತಿರಲಿಲ್ಲ. ನಮ್ಮ ಕಡೆ ಕೈಗೆ ಏನಾದರೂ ಉಳುಕು, ಕಾಲಿಗೆ ಏನಾದರೂ ಉಳುಕು, ಕುತ್ತಿಗೆ ಹಿಡಿದರೂ ಉಳುಕು. ಶಾಲೆಯಲ್ಲಿ ಯಾರಾದರೂ "ಸರ, ಕೈ ಉಳುಕೈತ್ರಿ" ಅಂದರೆ ಅವರ ಮುಖ ಕೆಂಪಾಗುತ್ತಿತ್ತು. "ಉಳುಕು ಅಂದ್ರ ಏನು? ಎಲುಬಿನಾಗ ಐತೋ, ಸ್ನಾಯುದಾಗ ಐತೋ, ಕೀಲಿನಾಗ ಐತೋ? ಎಲ್ಲಿ ನೂಸತೈತಿ ಬೆರಳಿಟ್ಟು ತೋರ್ಸು. ಗೊತ್ತಿಲ್ಲಾಂದ್ರ ಗೊತ್ತಿಲ್ಲ ಅನ್ನು. ಉಳುಕು ಅನಬ್ಯಾಡ. ಅದು ಮುಟ್ಟಿ ನೋಡಲಾರ್ದವರ ಮಾತು." ಆ ಮಾತು ಆಡಿದವರಿಗೆ ಮೈದಾನದ ಒಂದು ಸುತ್ತು ಓಟ ಶಿಕ್ಷೆ. ಶಾಲೆಯ ಜವಾನ ಅಜ್ಜ ಒಮ್ಮೆ ನೀರಿನ ಕೊಡ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, "ಸರ, ಆ ಮಾತು ಆಗೈತ್ರಿ ನನಗ. ಬಾಯಿ ಬಿಟ್ಟು ಹೇಳಿದ್ರ ಓಡಸ್ತೀರಿ," ಅಂದಿದ್ದ. ಅವತ್ತು ಮಾತ್ರ ಅವರು ನಕ್ಕರು. ಅಜ್ಜನನ್ನು ಕಟ್ಟೆಯ ಮೇಲೆ ಮಲಗಿಸಿ, ಮೊಣಕಾಲು ಎದೆಗೆ ತರಿಸಿ, ಬಹಳ ಹೊತ್ತು ನೋಡಿದರು.

ನಮ್ಮ ಮನೆಗೆ ಅವರು ಬಂದದ್ದು ಒಂದು ಹೋಂವರ್ಕಿನಿಂದ. ಮನೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಕಾಲು ಗಂಟೆ ನೋಡಿ, ಅವರ ಯಾವ ಕೀಲು ಯಾವ ಕಡೆಗೆ ಚಲಿಸುತ್ತದೆಂದು ಬರೆದು ತರಬೇಕಿತ್ತು. ಬಹಳ ಜನ ತಾಯಿ ರೊಟ್ಟಿ ಬಡಿಯುವುದನ್ನು ಬರೆದರು. ನನ್ನ ಅಬ್ಬಾ ದರ್ಜಿ. ನಾನು ಹೊಲಿಗೆ ಮಷಿನ್ನಿನ ಮೇಲಿನ ಅವರ ಪಾದ ನೋಡಿ ಬರೆದೆ: ಪಾದ ಮೇಲೆ ಕೆಳಗೆ ಆಡುತ್ತದೆ, ಮೊಣಕಾಲು ಆಡುವುದೇ ಇಲ್ಲ, ಬಲಗಾಲೊಂದೇ ದುಡಿಯುತ್ತದೆ. ಮರುದಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ನಮ್ಮ ಅಂಗಡಿಗೇ ಬಂದು ಮಷಿನ್ನಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು.

"ಏಳ್ರಿ ಮಾಸ್ತರ, ಸ್ಟೂಲ್ ಐತಿ," ಅಂದರು ಅಬ್ಬಾ.

"ನೀವು ಹೊಲೀರಿ ಸಾಹೇಬ್ರ. ನಾ ನಿಮ್ಮ ಪಾದ ನೋಡಾಕ ಬಂದೀನಿ."

"ನನ್ನ ಪಾದದಾಗ ಏನೈತ್ರಿ ನೋಡಾಕ?"

"ನಿಮ್ಮ ಮಗಳು ಬರದಾಳ. ಖರೇ ಬರದಾಳ."

ಅಬ್ಬಾ ಎಷ್ಟೋ ವರ್ಷದಿಂದ ಮೀನಖಂಡದ ನೋವಿನಲ್ಲಿದ್ದರು. ಮಾಸ್ತರರು ಒಂದು ಹಲಗೆ ತರಿಸಿ ಸ್ಟೂಲಿನ ಎತ್ತರ ಬದಲಿಸಿದರು, ಎರಡೂ ಪಾದ ತುಳಿಯುವಂತೆ ಮಾಡಿಸಿದರು. ತಿಂಗಳಲ್ಲಿ ನೋವು ಇಳಿಯಿತು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಾಸ್ತರರ ಮಾತು ಕಡೆಯ ಮಾತು. ನಾನು ಖೋ ಖೋ ತಂಡಕ್ಕೆ ಸೇರುತ್ತೇನೆಂದಾಗ ಬಂಧುಗಳು ಬೇಡವೆಂದರು. ಹುಡುಗಿಯನ್ನು ಊರೂರು ಕಳಿಸುವುದೇ ಎಂದರು. ಮಾಸ್ತರರು ಬಂದು, "ಸಾಹೇಬ್ರ, ಹೆಂಗ ಕರ್ಕೊಂಡು ಹೋಗ್ತೀನೋ ಹಂಗ ತಂದು ಬಿಡ್ತೀನಿ," ಅಂದರು. ಅಬ್ಬಾ ಅಷ್ಟಕ್ಕೇ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಇಡೀ ತಂಡಕ್ಕೆ ನೀಲಿ ಪ್ಯಾಂಟು ಹೊಲಿದುಕೊಟ್ಟರು.

ಹತ್ತನೆಯ ತರಗತಿಯಲ್ಲಿ ನಾನು ತಂಡದ ಒಳ್ಳೆಯ ಓಟಗಾರ್ತಿ. ಕಂಬದ ಸುತ್ತ ತಿರುಗುವುದರಲ್ಲಿ ನನ್ನನ್ನು ಹಿಡಿಯುವುದು ಕಷ್ಟವಿತ್ತು. ಆ ತಿರುವನ್ನು ಕಲಿಸಿದವರು ಅವರೇ.

ತಾಲೂಕು ಮಟ್ಟದ ಪಂದ್ಯ ಕುಷ್ಟಗಿಯಲ್ಲಿ ಇತ್ತು. ಮೈದಾನಕ್ಕೆ ಬೆಳಿಗ್ಗೆ ನೀರು ಹೊಡೆದಿದ್ದರು. ಎರೆಮಣ್ಣು, ಕಂಬದ ಹತ್ತಿರ ಇನ್ನೂ ಹಸಿ ಇತ್ತು. ಎರಡನೆಯ ಪಂದ್ಯದ ಕೊನೆಯಲ್ಲಿ ನಾನು ಕಂಬದ ಬಳಿ ತಿರುಗಿದೆ. ಎಡಪಾದ ಮಣ್ಣಿನಲ್ಲಿ ಕಚ್ಚಿಕೊಂಡಿತು, ಮೈ ತಿರುಗಿತು. ಮೊಣಕಾಲಿನ ಒಳಗೆ ಟಕ್ ಎಂದು ಸದ್ದಾದದ್ದು ನನಗೆ ಕೇಳಿಸಿತು. ಮಾಸ್ತರರು ಕಂಬದಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ನಾನು ಹೇಳಲಾರೆ. ಒಂದು ಗಂಟೆಯೊಳಗೆ ಮೊಣಕಾಲು ತೆಂಗಿನಕಾಯಿಯಂತೆ ಊದಿಕೊಂಡಿತು. ಅದನ್ನು ಅವರು ನೋಡಿದರು.

ನೀರಿನ ಟಾಕಿಯ ಹಿಂದೆ ಒಂದು ಕಲ್ಲುಬೆಂಚು ಇತ್ತು. ನನ್ನನ್ನು ಅದರ ಮೇಲೆ ಮಲಗಿಸಿ ಎರಡೂ ಮೊಣಕಾಲು ಮಡಚಿಸಿದರು. ನನ್ನ ಬಲಗಾಲಿನ ಬೆರಳುಗಳ ಮೇಲೆ, ಭಾರ ಬೀಳದಂತೆ, ಬೆಂಚಿನ ಅಂಚಿಗೆ ಕುಳಿತರು. ಎರಡೂ ಹೆಬ್ಬೆರಳು ಮಂಡಿಚಿಪ್ಪಿನ ಕೆಳಗಿಟ್ಟು, ಉಳಿದ ಬೆರಳಿನಿಂದ ಮೀನಖಂಡದ ಮೇಲ್ಭಾಗವನ್ನು ಹಿಂದಿನಿಂದ ಹಿಡಿದು ತಮ್ಮ ಕಡೆ ಎಳೆದರು. ಆಮೇಲೆ ಎಡಗಾಲಿಗೆ ಹಾಗೆಯೇ ಮಾಡಿದರು. ಒಂದು ಸಲ ಎಳೆದು ನಿಲ್ಲಿಸಿದರು. ಇನ್ನೊಂದು ಸಲ ಎಳೆದರು. ಆಮೇಲೆ ತಲೆಯೆತ್ತಿ ಟಾಕಿಯ ಕಡೆ ನೋಡಿದರು.

"ಏನಿಲ್ಲ ತಂಗಿ," ಅಂದರು. "ಉಳುಕು."

ನಾನು ಅಷ್ಟು ನೋವಿನಲ್ಲೂ ನಕ್ಕೆ. "ಸರ, ನೀವ ಒಂದು ಸುತ್ತು ಓಡಬೇಕ್ರಿ ಈಗ," ಅಂದೆ. ಅವರು ನಗಲಿಲ್ಲ. ನನ್ನನ್ನು ಸಮಾಧಾನ ಮಾಡಲು ಊರಿನ ಮಾತು ಆಡಿದರೆಂದು ತಿಳಿದೆ. ಸಮಾಧಾನವೂ ಆಯಿತು.

ಮೂರನೆಯ ದಿನ ಕೊಪ್ಪಳದಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಅವರು ತಮ್ಮ ಕೈಯಿಂದಲೇ ಪಟ್ಟಿ ಸುತ್ತಿದರು. ನಾನು ಆಡಿದೆ. ಕಡೆಯ ಸರದಿಯಲ್ಲಿ, ಓಡುತ್ತಿರುವಾಗಲೇ, ಮೊಣಕಾಲು ತನ್ನ ಜಾಗದಲ್ಲಿ ಇಲ್ಲ ಎನ್ನಿಸಿತು. ಬಿದ್ದೆ. ಅಷ್ಟರಲ್ಲಿ ನಾವು ಗೆದ್ದಾಗಿತ್ತು. ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಹುಮಾನಕ್ಕೆ ಹೋದರು. ಆ ಫೋಟೋ ಶಾಲೆಯಲ್ಲಿ ಇನ್ನೂ ಇದೆ. ನನ್ನ ಬಲಗಾಲು ಅವರ ಎದೆಯ ಮೇಲೆ ಮಡಚಿಕೊಂಡಿದೆ, ಎಡಗಾಲು ಕಟ್ಟಿಗೆಯಂತೆ ನೆಟ್ಟಗಿದೆ. ನಾನು ನಗುತ್ತಿದ್ದೇನೆ.

ಮನೆಗೆ ತಂದು ಬಿಟ್ಟಾಗ ಅಬ್ಬಾ ಬಾಗಿಲಲ್ಲೇ ಕೇಳಿದರು, "ಏನಾತ್ರಿ ಮಾಸ್ತರ?"

"ಉಳುಕು, ಸಾಹೇಬ್ರ. ಹದಿನೈದು ದಿನಾ ಎಣ್ಣಿ ಹಚ್ಚಿ ತಿಕ್ಕಿಸ್ರಿ."

ಉಳುಕು ಎಂದ ಮೇಲೆ ನಮ್ಮವರು ಆಸ್ಪತ್ರೆಗೆ ಹೋಗುವುದಿಲ್ಲ, ಉಳುಕು ತೆಗೆಯುವವರ ಬಳಿ ಹೋಗುತ್ತಾರೆ. ಅಬ್ಬಾ ನನ್ನನ್ನು ಇರಕಲ್ಲಗಡದ ಕಡೆಯ ಒಬ್ಬ ಮುದುಕಿಯ ಹತ್ತಿರ ಕರೆದುಕೊಂಡು ಹೋದರು. ಆಕೆ ಓದು ಬಾರದವಳು. ಎಣ್ಣೆ ಹಚ್ಚಿ ನನ್ನ ಮೊಣಕಾಲನ್ನು ನಾಲ್ಕು ಕಡೆ ಒತ್ತಿ, ಕೈ ತೆಗೆದುಬಿಟ್ಟಳು. "ಇದು ನಾ ತೆಗಿಯೋ ಉಳುಕಲ್ಲ, ಸಾಬಣ್ಣ. ಒಳಗ ಏನೋ ಬ್ಯಾರೆ ಆಗೈತಿ. ದೊಡ್ಡ ದವಾಖಾನಿಗೆ ಒಯ್ಯಿ."

ಬಸ್ಸಿನಲ್ಲಿ ಬರುವಾಗ ಅಬ್ಬಾ, "ಮಾಸ್ತರಿಗಿಂತ ಈ ಮುದುಕಿಗೆ ಹೆಚ್ಚಿಗೆ ತಿಳೀತೈತೇನು?" ಅಂದರು. ನಾನೂ ಅದನ್ನೇ ಅಂದೆ. ದವಾಖಾನೆಗೆ ನಾವು ಹೋಗಲಿಲ್ಲ.

ಆ ಮೊಣಕಾಲು ಮತ್ತೆ ಓಡಲಿಲ್ಲ. ಮೆಟ್ಟಿಲಿಳಿಯುವಾಗ ಜಾರುತ್ತಿತ್ತು. ವರ್ಷಗಳು ಕಳೆದಂತೆ ಒಳಗಿನ ಮೆತ್ತೆಯೂ ಸವೆಯಿತು. ಈಗ ಅದು ಪೂರ್ತಿ ಮಡಚುವುದಿಲ್ಲ. ನೆಲದ ಮೇಲೆ ಕುಳಿತು ಊಟ ಮಾಡಲಾರೆ. ನಮ್ಮ ಮನೆಯಲ್ಲಿ ನನ್ನ ಅಮ್ಮಿ ಈ ವಯಸ್ಸಿನಲ್ಲೂ ನೆಲದ ಮೇಲೆ ನಮಾಜು ಮಾಡುತ್ತಾಳೆ. ನಾನು ಅವಳ ಹಿಂದೆ ಕುರ್ಚಿಯ ಮೇಲೆ ಕೂರುತ್ತೇನೆ.

ಪಿಯುಸಿ ಮುಗಿದಾಗ ಮಾಸ್ತರರೇ ಅರ್ಜಿ ಹಿಡಿದುಕೊಂಡು ಮನೆಗೆ ಬಂದರು. ಫಿಜಿಯೋಥೆರಪಿ ಎಂಬ ಓದು ಇದೆ, ಇವಳಿಗೆ ಅದೇ ಸರಿ ಎಂದರು. ಬಳ್ಳಾರಿಗೆ ಅಬ್ಬಾನ ಜೊತೆ ತಾವೂ ಬಂದರು. ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತು, "ನೋಡೋದನ್ನ ಬಿಡಬ್ಯಾಡ," ಅಂದರು. ಎಲ್ಲಿ ಮಾತಾಡಿದರೂ ನಾನು ಇದನ್ನು ಹೇಳುತ್ತಿದ್ದೆ. ನನ್ನನ್ನು ಮಾಡಿದವರು ಅವರು ಎನ್ನುತ್ತಿದ್ದೆ.

ಎರಡನೆಯ ವರ್ಷದಲ್ಲಿ ಒಂದು ದಿನ ಪಾಠ ಮಾಡುತ್ತಿದ್ದವರು ಒಬ್ಬ ವಿದ್ಯಾರ್ಥಿಯನ್ನು ಟೇಬಲ್ಲಿನ ಮೇಲೆ ಮಲಗಿಸಿದರು. ಮೊಣಕಾಲು ಮಡಚಿಸಿ, ಅವನ ಪಾದದ ಮೇಲೆ ಹಗುರಾಗಿ ಕುಳಿತು, ಹೆಬ್ಬೆರಳು ಮಂಡಿಚಿಪ್ಪಿನ ಕೆಳಗಿಟ್ಟು, ಹಿಂದಿನಿಂದ ಹಿಡಿದು ಎಳೆದರು. ಮೊಣಕಾಲಿನೊಳಗೆ ಅಡ್ಡಡ್ಡಲಾಗಿ ಎರಡು ಹುರಿಗಳಿರುತ್ತವೆ, ಮುಂದಿನದು ಹರಿದಿದ್ದರೆ ಕೆಳಗಾಲು ಮೇಜಿನ ಖಾನೆ ಎಳೆದಂತೆ ಮುಂದಕ್ಕೆ ಸರಿದು ಬರುತ್ತದೆ, ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ ಎಂದರು. ನನಗೆ ಕುಷ್ಟಗಿಯ ಕಲ್ಲುಬೆಂಚು ನೆನಪಾಯಿತು. ಸಂಜೆ ಗೆಳತಿಯೊಬ್ಬಳಿಂದ ನನ್ನ ಕಾಲು ಎಳೆಸಿದೆ. ಸರಿದು ಬಂತು.

ಆಗ ನಾನು ಒಂದು ಸಮಾಧಾನ ಹುಡುಕಿಕೊಂಡೆ. ಮಾಸ್ತರರು ಈ ಪರೀಕ್ಷೆಯನ್ನು ಎಲ್ಲೋ ತರಬೇತಿಯಲ್ಲಿ ನೋಡಿರಬೇಕು, ಮಾಡುವ ರೀತಿ ಗೊತ್ತಿರಬೇಕು, ಅದರ ಅರ್ಥ ಗೊತ್ತಿರಲಿಕ್ಕಿಲ್ಲ. ಹಳ್ಳಿಯ ಡ್ರಿಲ್ ಮಾಸ್ತರರು, ಅವರಿಗೇನು ತಿಳಿಯಬೇಕು? ಈ ಊಹೆಯನ್ನು ನಾನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡೆ. ಎಂದೂ ಅವರನ್ನು ಕೇಳಲಿಲ್ಲ. ಕೇಳಿದರೆ ಹೌದು, ಗೊತ್ತಿತ್ತು ಎನ್ನುತ್ತಾರೆ ಎಂಬ ಭಯ ಇತ್ತೆಂದು ಈಗ ತಿಳಿಯುತ್ತದೆ.

ಕೊಪ್ಪಳದಲ್ಲಿ ನನ್ನದು ಎರಡು ಕೋಣೆಯ ಕ್ಲಿನಿಕ್ಕು. ಜನ ನನ್ನನ್ನು ಕರೆಂಟ್ ಡಾಕ್ಟರ್ ಎನ್ನುತ್ತಾರೆ, ನೋವಿಗೆ ಮಷಿನ್ನಿನಿಂದ ಸಣ್ಣ ಕರೆಂಟು ಕೊಡುತ್ತೇನೆಂದು. ಮಾಸ್ತರರು ಆಗಾಗ ಯಾರನ್ನಾದರೂ ಕಳಿಸುತ್ತಿದ್ದರು, ಚೀಟಿ ಬರೆದು. "ಬಲಗೈ ಮಗ್ಗಲಿನಿಂದ ಎತ್ತಿದರೆ ಹೆಗಲ ಮಟ್ಟಕ್ಕೆ ನಿಲ್ಲುತ್ತದೆ. ನಾನು ಎತ್ತಿದರೆ ಕಿವಿಯವರೆಗೆ ಬರುತ್ತದೆ." ತಾನಾಗಿ ಎಷ್ಟು ಎತ್ತಬಲ್ಲ, ಇನ್ನೊಬ್ಬರು ಎತ್ತಿದರೆ ಎಷ್ಟು ಬರುತ್ತದೆ ಎಂಬ ವ್ಯತ್ಯಾಸವನ್ನು ಇಷ್ಟು ಚೆನ್ನಾಗಿ ಬರೆದು ಕಳಿಸುವ ವೈದ್ಯರೂ ಕಡಿಮೆ. ಆ ಚೀಟಿಗಳನ್ನು ಓದುವಾಗಲಾದರೂ ನನ್ನ ಊಹೆ ಸುಳ್ಳೆಂದು ನನಗೆ ಹೊಳೆಯಬೇಕಿತ್ತು.

ಆ ಮಂಗಳವಾರ ಅವರು ಚೀಟಿ ಕಳಿಸಲಿಲ್ಲ, ತಾವೇ ಬಂದರು. ಜೊತೆಗೆ ಹತ್ತನೆಯ ತರಗತಿಯ ಒಬ್ಬ ಹುಡುಗಿ, ಆಕೆಯ ತಾಯಿ. ತಾಯಿ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಹುಡುಗಿಯ ಬೂಟಿನ ಚೀಲ ಮಾಸ್ತರರ ಹೆಗಲ ಮೇಲಿತ್ತು. ತಾಯಿಯನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ, "ಹತ್ತು ನಿಮಿಷದಾಗ ಆಕ್ಕೈತವ್ವಾ," ಎಂದು ಹೇಳಿ, ಹುಡುಗಿಯನ್ನು ಒಳಗೆ ತಂದರು.

"ಖೋ ಖೋದಾಗ ಬಿದ್ದಾಳ. ಭಾನುವಾರ ಕಲಬುರಗಿಯೊಳಗ ವಿಭಾಗ ಮಟ್ಟದ್ದು ಐತಿ," ಅಂದರು.

ಹುಡುಗಿಯ ಬಲಗಾಲನ್ನು ನೋಡಿದೆ, ಆಮೇಲೆ ನೋವಿದ್ದ ಎಡಗಾಲನ್ನು. ಎಳೆದೆ. ಸರಿದು ಬಂತು. ಮತ್ತೊಮ್ಮೆ ಎಳೆಯುವ ಅಗತ್ಯವಿರಲಿಲ್ಲ. ಹುಡುಗಿಯನ್ನು ತಾಯಿಯ ಹತ್ತಿರ ಕಳಿಸಿದೆ.

"ಸರೀತೈತಿ, ಅಲ್ಲ?" ಅಂದರು ಮಾಸ್ತರರು.

"ನೀವೂ ನೋಡೀರೇನ್ರಿ ಸರ?"

"ಬಿದ್ದ ದಿನಾನ ನೋಡೀನಿ. ಟೇಪ್ ಹಾಕಿ ಬಿಗಿ ಮಾಡು. ಒಂದ ದಿನದ ಮಾತು. ನಾ ಹೇಳಿದ್ರ ಈಕಿ ಅವ್ವ ಯಾಕೋ ಈ ಸಲ ಹಿಂದಮುಂದ ನೋಡಾಕ್ಹತ್ಯಾಳ. ನೀ ಒಂದ ಮಾತ ಹೇಳಿದ್ರ ಕಳಸ್ತಾಳ."

"ಒಳಗಿನ ಹುರಿ ಹರದೈತ್ರಿ ಸರ. ಇದರ ಮ್ಯಾಲ ಓಡಿದ್ರ ಉಳಿದದ್ದೂ ಹೋಗತೈತಿ."

"ಏ, ನಿಂದೂ ಹಿಂಗ ಸರದಿತ್ತಲ್ಲ. ಆಡಿದಿಲ್ಲೇನು ನೀನು?"

ಅವರು ಅದನ್ನು ನನ್ನನ್ನು ಹುರಿದುಂಬಿಸುವ ದನಿಯಲ್ಲಿ ಹೇಳಿದರು. ತಾವು ಏನು ಹೇಳಿಬಿಟ್ಟರೆಂಬುದು ಅವರ ಗಮನಕ್ಕೆ ಬಂದಿರಲಿಲ್ಲ. ನಾನು ಟೇಬಲ್ಲಿನ ಅಂಚು ಹಿಡಿದುಕೊಂಡೆ.

"ಆವತ್ತ ನಿಮಗ ಗೊತ್ತಾಗಿತ್ತೇನ್ರಿ?"

"ಗೊತ್ತಾಗಲಾರ್ದ ಏನು? ಕೈಯಾಗ ಬಂತಲ್ಲ."

"ಮತ್ತ ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಆಡ್ತಿದ್ದಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ, ನಾಚಿಕೆಯಿಂದಲೂ ಹೇಳಲಿಲ್ಲ. ತರಗತಿಯಲ್ಲಿ ಸುಲಭದ ಪ್ರಶ್ನೆ ಬಂದಾಗ ಉತ್ತರಿಸುತ್ತಿದ್ದ ದನಿ ಅದು.

"ಆಟ ಮುಗದ ಮ್ಯಾಲರ ನಮ್ಮ ಅಬ್ಬಾಗ ಹೇಳಬಹುದಿತ್ತಲ್ರಿ," ಅಂದೆ. "ಮನಿ ಬಾಗಲಾಗ ನಿಂತು ಕೇಳಿದ್ರು ಅವರು."

ಅವರು ಬೂಟಿನ ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು. "ಆವಾಗ ಹೇಳಿದ್ರ, ಮೊದ್ಲ ಯಾಕ ಹೇಳಲಿಲ್ಲ ಅಂತಿದ್ರು," ಅಂದರು. ಆಮೇಲೆ ದನಿ ಏರಿಸಿ, "ಈಗೇನ ಕಮ್ಮಿ ಆಗೈತಿ ನಿನಗ? ಬೋರ್ಡ್ ಹಾಕ್ಕೊಂಡು ಕುಂತೀದಿ. ಬಳ್ಳಾರಿಗೆ ಕರ್ಕೊಂಡು ಹೋದಾಂವ ನಾನ ಅಲ್ಲೇನು?" ಅಂದರು.

ಬಳ್ಳಾರಿಗೆ ಅವರು ಬಂದದ್ದು ಪ್ರೀತಿಯಿಂದಲೋ, ನನ್ನ ಕಾಲಿನ ಕಾರಣಕ್ಕೋ ನಾನು ಹೇಳಲಾರೆ. ಎರಡೂ ಇದ್ದಿರಬಹುದು. ಇದು ಊಹೆ. ಆದರೆ ಆ ಕ್ಷಣದಿಂದ ಅವರು ನನಗೆ ಕೊಟ್ಟ ಯಾವುದನ್ನೂ ನಾನು ಮೊದಲಿನಂತೆ ಮುಟ್ಟಲಾರದವಳಾದೆ. ಕುಷ್ಟಗಿಯಿಂದ ಕೊಪ್ಪಳದವರೆಗಿನ ಆ ಮೂರು ದಿನ ಅವರು ನನ್ನ ಜೊತೆ ಊಟ ಮಾಡಿದ್ದರು, ನನ್ನ ಪಟ್ಟಿ ಬಿಚ್ಚಿ ಕಟ್ಟಿದ್ದರು, "ನೋವು ಹೆಂಗೈತಿ ತಂಗಿ?" ಎಂದು ದಿನಕ್ಕೆ ನಾಲ್ಕು ಸಲ ಕೇಳಿದ್ದರು. ಎಲ್ಲವನ್ನೂ ತಿಳಿದುಕೊಂಡೇ ಕೇಳಿದ್ದರು.

"ಕಡೀ ವರ್ಷ ನಂದು," ಅಂದರು ಈಗ, ಮೆತ್ತಗೆ. "ಒಂದ ಸಲ ರಾಜ್ಯಮಟ್ಟ ಮುಟ್ಟೀನಿ ಅಂತ ಹೇಳಿಕೊಂಡು ಹೋಗ್ತೀನಿ. ಈ ಹುಡುಗಿ ಇಲ್ಲಾಂದ್ರ ತಂಡನ ಇಲ್ಲ."

ನಾನು ಬಾಗಿಲು ತೆರೆದು ತಾಯಿ ಮಗಳನ್ನು ಒಳಗೆ ಕರೆದೆ. ಆಗಿದ್ದನ್ನು ಹೇಳಿದೆ. ಮೊಣಕಾಲಿನೊಳಗಿನ ಹುರಿ ಹರಿದಿದೆ, ಎಂಆರ್‌ಐ ಮಾಡಿಸಬೇಕು, ಎಲುಬಿನ ಡಾಕ್ಟರರಿಗೆ ತೋರಿಸಬೇಕು, ಈಗ ಸರಿಯಾಗಿ ನೋಡಿಕೊಂಡರೆ ಮುಂದೆ ಕಾಲು ಚೆನ್ನಾಗಿರುತ್ತದೆ, ಭಾನುವಾರ ಓಡಲೇಬಾರದು. ಹುಡುಗಿ ಅಳಲು ಶುರುಮಾಡಿದಳು. ತಾಯಿ ಮಾಸ್ತರರ ಕಡೆ ತಿರುಗಿದಳು.

"ಸರ, ಇಷ್ಟೆಲ್ಲಾ ಆಗೈತಿ ಅಂತ ನಿಮಗ ಗೊತ್ತಿದ್ದಿಲ್ಲೇನ್ರಿ? ಉಳುಕು ಅಂದಿದ್ರಿ ನೀವು."

"ನನಗ ಹೆಂಗ ಗೊತ್ತಾಗಬೇಕವ್ವಾ? ನಾನೇನ್ ಡಾಕ್ಟರೇನು?" ಅಂದರು ಮಾಸ್ತರರು. "ಯಾಕೋ ಅನುಮಾನ ಬಂತು. ಅದಕ್ಕ ಇಲ್ಲಿ ತನಕ ಕರ್ಕೊಂಡು ಬಂದೆ."

ತಾಯಿ ಕೈ ಮುಗಿದಳು. "ನಿಮ್ಮಿಂದ ತಿಳೀತ್ರಿ ಸರ. ಇಲ್ಲಾಂದ್ರ ನಮ್ಮಂಥವರಿಗೆ ಏನ್ ಗೊತ್ತಾಕ್ಕಿತ್ತು?"

ಅವರು ನನ್ನ ಕಡೆ ನೋಡಿದರು. ಸುಮ್ಮನಿರು ಎಂದು ಹೇಳುವ ನೋಟವೇ ಅದು ಎಂದು ನಾನು ಖಚಿತವಾಗಿ ಹೇಳಲಾರೆ. ಆದರೆ ನನಗೆ ಹಾಗೆ ಕಂಡಿತು. ಸುಮ್ಮನಿರುವುದು ಸುಲಭವಿತ್ತು. ಸತ್ಯ ಹೇಳಿ ಆಗಿತ್ತಲ್ಲ, ಇನ್ನೇಕೆ ಎಂದೂ ಅನ್ನಿಸಿತು. ಆದರೆ ಆ ತಾಯಿಯ ಕೈ ಇನ್ನೂ ಮುಗಿದೇ ಇತ್ತು. ಶಾಲೆಗೆ ಹೋದ ಮೇಲೆ ಅವರು, "ಮೇಡಂ ಸುಮ್ನ ಹೆದರಿಸ್ಯಾರವ್ವಾ, ನಾ ಪಟ್ಟಿ ಕಟ್ಟತೀನಿ," ಅಂದರೆ ಆಕೆ ನನ್ನನ್ನು ನಂಬುವುದಿಲ್ಲ, ಅವರನ್ನು ನಂಬುತ್ತಾಳೆ. ಅಬ್ಬಾ ಹಾಗೆಯೇ ನಂಬಿದ್ದರು.

"ಗೊತ್ತಿತ್ತು," ಅಂದೆ.

ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಮತ್ತೊಮ್ಮೆ ಹೇಳಿದೆ. "ಅವರಿಗೆ ಗೊತ್ತಿತ್ರಿ ಅಕ್ಕಾರ. ಬಿದ್ದ ದಿನಾನ ಮುಟ್ಟಿ ನೋಡ್ಯಾರ. ಈಗ ಹತ್ತು ನಿಮಿಷದ ಹಿಂದ ನನಗ ಹೇಳ್ಯಾರ."

ಹುಡುಗಿ ಅಳು ನಿಲ್ಲಿಸಿದಳು. "ಖರೇನ್ರಿ ಸರ?" ಅಂದಳು.

ಅವರು ತಲೆಯೆತ್ತಿ ಕಿಟಕಿಯ ಕಡೆ ನೋಡಿದರು. ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದ ಯಾರೋ ಕೆಮ್ಮಿದರು. ತಾಯಿ ಮುಗಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಆಕೆ ಕೂಗಾಡಲಿಲ್ಲ. ನಾಳೆಯೂ ಆಕೆ ಅದೇ ಶಾಲೆಯ ಒಲೆ ಹಚ್ಚಬೇಕು. ಅವರ ಹತ್ತಿರ ಹೋಗಿ, ಹೆಗಲ ಮೇಲಿದ್ದ ಮಗಳ ಬೂಟಿನ ಚೀಲದ ಕಡೆ ಕೈ ಚಾಚಿದಳು.

"ಅದನ್ನ ಇತ್ತ ಕೊಡ್ರಿ ಸರ," ಅಂದಳು.

ಅವರು ಕೊಟ್ಟರು.